ಎರಡು ಇಂಜಿನ್, ಒಂದು ಟ್ಯಾಂಕು

ಜೂನ್ ಒಂದರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನುಗಳು ಮೊಟ್ಟೆಯಿಡುವ ಕಾಲವಾದ್ದರಿಂದ ಕಡಲಿಗೆ ಇಳಿಯಬೇಡಿ ಎನ್ನುತ್ತದೆ ಸರಕಾರ. ಕಡಲೂ ಅದೇ ಹೊತ್ತಿಗೆ ಅದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳುತ್ತಿರುತ್ತದೆ. ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ಆಗ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಲ್ಲುತ್ತವೆ. ದೂರದ ರಾಜ್ಯಗಳಿಂದ ಬಂದ ಖಲಾಸಿಗಳು ಊರಿಗೆ ಹೊರಡುತ್ತಾರೆ. ಲಕ್ಷದ್ವೀಪಕ್ಕೆ ಅಕ್ಕಿ, ಸಿಮೆಂಟು, ತರಕಾರಿ ಒಯ್ಯುವ ಮಂಜಿಗಳೂ ಹೊರಡುವುದಿಲ್ಲ. ಹೊರಗಿನಿಂದ ನೋಡುವವರಿಗೆ ಇಡೀ ಬಂದರು ನಿದ್ದೆ ಹೋದಂತೆ ಕಾಣಬಹುದು. ಆದರೆ ಇಂಜಿನ್ ರಿಪೇರಿಯವರಿಗೆ ಇದೇ ಸುಗ್ಗಿ. ವರ್ಷವಿಡೀ 'ಮಳೆಗಾಲಕ್ಕೆ ನೋಡೋಣ' ಎಂದು ಮುಂದೂಡಿದ ಕೆಲಸವೆಲ್ಲ ಈ ಎರಡು ತಿಂಗಳಲ್ಲಿ ಒಟ್ಟಿಗೆ ಬಂದು ಬಾಗಿಲು ಬಡಿಯುತ್ತದೆ.

ಮಾನ್ಸೂನ್ ಎಂಬ ಪದವೇ ಅರಬಿಯ 'ಮೌಸಿಮ್'ನಿಂದ ಬಂದದ್ದು. ಅದರ ಅರ್ಥ ಋತು. ಗಾಳಿಯ ಋತು ನೋಡಿ ಹಾಯಿ ಬಿಚ್ಚುತ್ತಿದ್ದ ವ್ಯಾಪಾರಿಗಳು ಆ ಪದವನ್ನು ಈ ದಡಕ್ಕೆ ತಂದರು. ನಮ್ಮ ಚುಕ್ಕಾಣಿಯ ಹಿಂದೆಯೂ ಅರಬಿಯ 'ಸುಕ್ಕಾನ್' ಇದೆ. ಹಾಯಿಯ ಕಾಲದಲ್ಲಿ ಮಳೆಗಾಲವೆಂದರೆ ಹಡಗನ್ನು ದಡಕ್ಕೆಳೆದು ಹಲಗೆಗಳ ಸಂದಿಗೆ ಹತ್ತಿ ತುಂಬಿ, ಎಣ್ಣೆ ಬಳಿಯುವ ಕಾಲ. ಇಂಜಿನ್ ಬಂದ ಮೇಲೆ ಹತ್ತಿ, ಎಣ್ಣೆಯ ಜೊತೆ ಸ್ಪ್ಯಾನರ್ ಸೇರಿಕೊಂಡಿತು, ಅಷ್ಟೆ. 1950ರ ದಶಕದಲ್ಲಿ ಕೇರಳದ ನೀಂಡಕರದಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆ ಮುಂದಿನ ದಶಕದಲ್ಲಿ ಕಾರವಾರಕ್ಕೂ ಬಂತು. ಡೀಸೆಲ್ ಬೋಟುಗಳು ಕರಾವಳಿಯ ತುಂಬ ಹರಡಿದವು. ಅವುಗಳ ಜೊತೆಗೇ ಬೋಟಿನ ಹೊಟ್ಟೆಯೊಳಗೆ ಬಾಗಿ ಕೂತು ಕೆಲಸ ಕಲಿತ ಒಂದು ತಲೆಮಾರು ಬೆಳೆಯಿತು. ಅವರಲ್ಲಿ ಬ್ಯಾರಿಗಳಿದ್ದರು, ಮೊಗವೀರರಿದ್ದರು, ಕ್ರೈಸ್ತರಿದ್ದರು. ನಮ್ಮ ಬಾಪ ಅವರಲ್ಲೊಬ್ಬರು. ಆ ಶೆಡ್ಡನ್ನು ಈಗ ಅಣ್ಣತಮ್ಮಂದಿರಾದ ನಾವು ನಡೆಸುತ್ತಿದ್ದೇವೆ.

ಮೀನುಗಾರಿಕೆ ಬೋಟುಗಳಿಗೆ ಸಾಮಾನ್ಯವಾಗಿ ಒಂದೇ ಇಂಜಿನ್. ಎರಡು ಇಂಜಿನ್‌ಗಳ ಬೋಟು ನಮ್ಮ ಶೆಡ್ಡಿಗೆ ಬರುವುದು ಅಪರೂಪ. ಹೊರಗಡೆ ಲಂಗರು ಹಾಕಿದ ಹಡಗುಗಳಿಗೆ ಜನರನ್ನೂ ಸಾಮಾನುಗಳನ್ನೂ ಒಯ್ಯುವ ಲಾಂಚುಗಳು ಅಂಥವು. 'ಡಬಲ್ ಇಂಜಿನ್' ಎಂಬ ಮಾತು ಈಗ ಚುನಾವಣೆಯ ಭಾಷಣಗಳಲ್ಲಿ ಸವೆದುಹೋಗಿದೆ. ಎರಡು ಇಂಜಿನ್ ಇದ್ದರೆ ಎರಡು ಪಟ್ಟು ವೇಗ ಎಂದು ಕೇಳುವವರು ತಿಳಿದುಕೊಳ್ಳಲಿ ಎಂಬುದು ಆ ಮಾತಿನ ಆಸೆ. ನೀರು ಈ ಲೆಕ್ಕವನ್ನು ಒಪ್ಪುವುದಿಲ್ಲ. ನೀರನ್ನು ತಳ್ಳಿಕೊಂಡು ಹೋಗುವ ಭಾರದ ಬೋಟಿಗೆ ಬೇಕಾಗುವ ಶಕ್ತಿ, ಸುಮಾರಾಗಿ ಹೇಳುವುದಾದರೆ, ವೇಗದ ಘನದಂತೆ ಏರುತ್ತದೆ. ಶಕ್ತಿಯನ್ನು ಇಮ್ಮಡಿ ಮಾಡಿದರೆ ವೇಗ ಹೆಚ್ಚುವುದು ಕಾಲುಭಾಗದಷ್ಟು ಮಾತ್ರ.

ಹಾಗಾದರೆ ಎರಡು ಇಂಜಿನ್ ಯಾಕೆ? ಒಂದು ನಿಂತರೆ ಇನ್ನೊಂದು ಮನೆಗೆ ತಲುಪಿಸಲಿ ಎಂದು. ಇನ್ನೊಂದು ಕಾರಣ ತಿರುಗುವ ಸೌಲಭ್ಯ. ಎಡದ ಇಂಜಿನ್ ಮುಂದಕ್ಕೆ, ಬಲದ್ದು ಹಿಂದಕ್ಕೆ ಕೊಟ್ಟರೆ ಬೋಟು ನಿಂತಲ್ಲೇ ಬುಗುರಿಯಂತೆ ತಿರುಗುತ್ತದೆ. ದೊಡ್ಡ ಹಡಗಿನ ಪಕ್ಕಕ್ಕೆ ಹೋಗಿ ನಿಲ್ಲಬೇಕಾದ ಲಾಂಚಿಗೆ ಇದು ಬೇಕೇ ಬೇಕು. ಎರಡೂ ಪಂಕಗಳು ಒಂದೇ ದಿಕ್ಕಿಗೆ ತಿರುಗಿದರೆ ಬೋಟಿನ ಹಿಂಭಾಗ ಒಂದು ಬದಿಗೆ ಜಾರುತ್ತದೆ. ಆದ್ದರಿಂದ ಹಿಂದಿನಿಂದ ನೋಡಿದಾಗ ಸಾಮಾನ್ಯವಾಗಿ ಬಲದ ಪಂಕ ಗಡಿಯಾರದ ದಿಕ್ಕಿಗೂ ಎಡದ್ದು ಅದರ ವಿರುದ್ಧ ದಿಕ್ಕಿಗೂ ತಿರುಗುವಂತೆ ಮಾಡಿರುತ್ತಾರೆ. ಒಂದರ ಎಳೆತವನ್ನು ಇನ್ನೊಂದು ಸರಿದೂಗಿಸುತ್ತದೆ.

2022ರ ಮಳೆಗಾಲದಲ್ಲಿ ನಮ್ಮಲ್ಲಿಗೆ ಬಂದದ್ದು ಇಂಥದೊಂದು ಲಾಂಚು. ಎರಡು ಆರು ಸಿಲಿಂಡರಿನ ಡೀಸೆಲ್ ಇಂಜಿನ್‌ಗಳು. ಯಜಮಾನರು ಮೊಗವೀರರು, ಬಾಪನ ಕಾಲದಿಂದ ಪರಿಚಯ. ಆ ವರ್ಷ ಮಾರ್ಚಿನಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳು ಅಂಗಡಿ ಇಡಬಾರದು ಎಂಬ ಬ್ಯಾನರುಗಳು ಎದ್ದಿದ್ದವು. ಆ ಗಾಳಿ ದಕ್ಕೆಗೂ ಬೀಸಿತ್ತು. ಬೋಟನ್ನು ಬೇರೆ ಶೆಡ್ಡಿಗೆ ಕೊಡಿ ಎಂದು ಅವರಿಗೆ ಹೇಳಿದವರಿದ್ದರು ಎಂಬುದು ನಮ್ಮ ಕಿವಿಗೂ ಬಿದ್ದಿತ್ತು. ಅವರು ಆ ವಿಷಯ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಕೀಲಿಕೈಯನ್ನು ಮೇಜಿನ ಮೇಲಿಟ್ಟು, 'ಬಲದ ಇಂಜಿನ್ ಹೊಗೆ ಬಿಡ್ತಾ ಇದೆ, ಅದೊಂದನ್ನು ಪೂರ್ತಿ ಬಿಚ್ಚಿ ಮಾಡಿಕೊಡಿ, ಎಡದ್ದು ಚೆನ್ನಾಗಿದೆ, ಬರುವ ವರ್ಷ ನೋಡೋಣ' ಎಂದರು. ಸಾಲದ ಕಂತುಗಳಿದ್ದವು. ಒಂದು ಇಂಜಿನ್ನಿನ ದುಡ್ಡನ್ನು ಹೊಂದಿಸುವುದೇ ಅವರಿಗೆ ಕಷ್ಟವಿತ್ತು.

ಯಾವ ಇಂಜಿನ್ನನ್ನೂ ಬಿಚ್ಚುವ ಮೊದಲು ಅದರ ಮಾತು ಕೇಳಬೇಕು ಎಂಬುದು ಬಾಪನ ಪಾಠ. ಹೊಗೆಯ ಬಣ್ಣ, ಎಣ್ಣೆ ಎಷ್ಟು ಕುಡಿಯುತ್ತದೆ, ಬ್ರೀದರಿನಿಂದ ಎಷ್ಟು ಗಾಳಿ ಬರುತ್ತದೆ, ಬೆಳಗಿನ ತಣ್ಣಗಿನ ಸ್ಟಾರ್ಟು ಹೇಗಿದೆ, ಎಲ್ಲವೂ ಮಾತೇ. ನೀಲಿ ಹೊಗೆಯೆಂದರೆ ಎಣ್ಣೆ ಉರಿಯುತ್ತಿದೆ. ಕಪ್ಪು ಹೊಗೆಯೆಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಬಿಳಿ ಹೊಗೆಯೆಂದರೆ ಉರಿಯದ ಡೀಸೆಲ್ ಇರಬಹುದು, ಇಲ್ಲವೇ ಒಳಗೆ ನೀರು ಹೋಗಿರಬಹುದು. ಆಮೇಲೆ ಒಂದೊಂದೇ ಇಂಜೆಕ್ಟರ್ ತೆಗೆದು ಆ ರಂಧ್ರದಲ್ಲಿ ಗೇಜ್ ಕೂರಿಸಿ ಕಂಪ್ರೆಶನ್ ಅಳೆಯಬೇಕು. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾವಿನಲ್ಲೇ ಡೀಸೆಲ್ ಹೊತ್ತಿಕೊಳ್ಳುವಂತೆ ಮಾಡಿದ್ದು ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರ್. 1897ರಲ್ಲಿ ಅವನ ಇಂಜಿನ್ ಯಶಸ್ವಿಯಾಗಿ ಓಡಿತು. 1913ರ ಸೆಪ್ಟೆಂಬರಿನಲ್ಲಿ ಅವನು ಇಂಗ್ಲೆಂಡಿಗೆ ಹೋಗುತ್ತಿದ್ದ ಹಡಗಿನಿಂದ ರಾತ್ರಿ ಕಾಣೆಯಾದ. ಲೋಕದ ಬೋಟುಗಳಿಗೆಲ್ಲ ಇಂಜಿನ್ ಕೊಟ್ಟವನು ಕಡಲಿನಲ್ಲೇ ಹೋದ.

ಬಲದ ಇಂಜಿನ್ನಿನ ಎರಡು ಸಿಲಿಂಡರುಗಳಲ್ಲಿ ಕಂಪ್ರೆಶನ್ ತೀರಾ ಕಡಿಮೆಯಿತ್ತು. ಅದು ನಿರೀಕ್ಷಿಸಿದ್ದೇ. ನಮ್ಮನ್ನು ನಿಲ್ಲಿಸಿದ್ದು ಎಡದ ಇಂಜಿನ್. ಅದಕ್ಕೆ ಹೊಗೆಯಿಲ್ಲ, ಸ್ಟಾರ್ಟು ಚೆನ್ನಾಗಿದೆ, ಕಂಪ್ರೆಶನ್ ಆರೂ ಸಿಲಿಂಡರುಗಳಲ್ಲಿ ಸಮವಾಗಿದೆ. ಆದರೆ ಬಿಸಿಯಾಗಿ ನಿಧಾನ ಓಟಕ್ಕೆ ಬಂದಾಗ ಎಣ್ಣೆಯ ಒತ್ತಡ ಇರಬೇಕಾದ್ದಕ್ಕಿಂತ ಬಹಳ ಕೆಳಗೆ ಇಳಿಯುತ್ತಿತ್ತು. ಬೋಟಿನ ಮೀಟರು ಸುಳ್ಳು ಹೇಳುತ್ತಿರಬಹುದೆಂದು ನಮ್ಮ ಗೇಜನ್ನೇ ಇಂಜಿನ್ನಿಗೆ ನೇರವಾಗಿ ಜೋಡಿಸಿ ನೋಡಿದೆವು. ಅದೂ ಅದನ್ನೇ ಹೇಳಿತು. ಆಯಿಲ್ ಫಿಲ್ಟರನ್ನು ಕೊಯ್ದು ಒಳಗಿನ ಕಾಗದವನ್ನು ಬಿಡಿಸಿ ಬಿಸಿಲಿಗೆ ಹಿಡಿದಾಗ ಸಣ್ಣ ಸಣ್ಣ ಹೊಳಪಿನ ಚೂರುಗಳು ಕಂಡವು. ಬೇರಿಂಗ್ ಸವೆದಿದೆ. ಹೊಗೆ ಬಿಡುವ ಇಂಜಿನ್ ದೂರು ಹೇಳುತ್ತದೆ, ಎಲ್ಲರಿಗೂ ಕೇಳಿಸುತ್ತದೆ. ಬೇರಿಂಗ್ ಸವೆದ ಇಂಜಿನ್ ಸುಮ್ಮನಿರುತ್ತದೆ. ಒಂದು ದಿನ ಪೂರ್ತಿ ಲೋಡಿನಲ್ಲಿರುವಾಗ ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ಆಮೇಲೆ ಕ್ರಾಂಕ್ ಶಾಫ್ಟ್ ಹಿಡಿದುಕೊಳ್ಳುವುದಕ್ಕೋ ಕನೆಕ್ಟಿಂಗ್ ರಾಡ್ ಬ್ಲಾಕನ್ನು ಒಡೆದು ಹೊರಬರುವುದಕ್ಕೋ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಯಜಮಾನರನ್ನು ಕರೆಸಿ ಫಿಲ್ಟರಿನ ಕಾಗದ ತೋರಿಸಿದೆವು. ಅವರು ಬಹಳ ಹೊತ್ತು ನೋಡಿದರು. 'ಎರಡು ಇಂಜಿನ್ ಇಟ್ಟದ್ದೇ ಅದಕ್ಕಲ್ಲವಾ? ಒಂದನ್ನು ಹೊಸತರಂತೆ ಮಾಡಿದರೆ ಇನ್ನೊಂದು ಹೋದರೂ ಬರಬಹುದು' ಎಂದರು. ತಪ್ಪು ಮಾತೇನೂ ಅಲ್ಲ. ಒಂದೇ ಇಂಜಿನ್ನಿನಲ್ಲಿ ಬೋಟು ಬರುತ್ತದೆ. ಆದರೆ ನಿಂತ ಪಂಕ ನೀರಿನಲ್ಲಿ ಎಳೆಯುತ್ತದೆ, ಬೋಟು ಒಂದು ಬದಿಗೆ ವಾಲುತ್ತದೆ, ಚುಕ್ಕಾಣಿಯನ್ನು ಸದಾ ಅಡ್ಡ ಹಿಡಿದಿರಬೇಕು. ತೆರೆದ ಕಡಲಿನಲ್ಲಿ ಇದನ್ನು ಸುಧಾರಿಸಿಕೊಳ್ಳಬಹುದು. ಅಳಿವೆಯಲ್ಲಿ ಆಗುವುದಿಲ್ಲ. ನೇತ್ರಾವತಿಯೂ ಗುರುಪುರ ನದಿಯೂ ಕೂಡಿ ಕಡಲಿಗೆ ಸೇರುವ ಆ ಬಾಗಿಲಲ್ಲಿ ಹೂಳಿದೆ, ಅಡ್ಡ ಅಲೆಯಿದೆ. ಬೋಟು ಅಲೆಗೆ ಬೆನ್ನು ಕೊಟ್ಟು ನೇರ ನಿಲ್ಲಲು ಚಾಲಕನಿಗೆ ಆ ಕ್ಷಣದಲ್ಲಿ ಎರಡೂ ಕೈ ಬೇಕು, ಎರಡೂ ಇಂಜಿನ್ ಬೇಕು.

ಮಾತಿನಿಂದ ಅವರು ಒಪ್ಪುವಂತೆ ಕಾಣಲಿಲ್ಲ. ಆಗ ಅವರನ್ನು ಇಂಜಿನ್ ರೂಮಿಗೆ ಇಳಿಸಿ ಡೀಸೆಲ್ ಪೈಪುಗಳನ್ನು ತೋರಿಸಿದೆವು. ಎರಡು ಇಂಜಿನ್‌ಗಳಿಂದ ಎರಡು ಪೈಪುಗಳು ಹಿಂದಕ್ಕೆ ಹೋಗಿ ಒಂದೇ ಟೀ ಜಾಯಿಂಟಿಗೆ ಸೇರುತ್ತಿದ್ದವು. ಅಲ್ಲಿಂದ ಒಂದೇ ಫಿಲ್ಟರ್, ಒಂದೇ ಟ್ಯಾಂಕು. ಕಟ್ಟುವಾಗ ದುಡ್ಡು ಉಳಿಸಲು ಯಾರೋ ಹಾಗೆ ಮಾಡಿದ್ದರು. ಡೀಸೆಲ್ ಟ್ಯಾಂಕಿನ ತಳದಲ್ಲಿ ಯಾವಾಗಲೂ ಸ್ವಲ್ಪ ನೀರು ಕೂಡುತ್ತದೆ. ಖಾಲಿ ಜಾಗದ ತೇವದ ಗಾಳಿ ರಾತ್ರಿ ತಣಿದು ಹನಿಯಾಗಿ ಇಳಿಯುತ್ತದೆ. ಆ ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತವೆ. ಕಡಲು ಶಾಂತವಿರುವಾಗ ಅದು ತಳದಲ್ಲೇ ಮಲಗಿರುತ್ತದೆ. ಅಲೆ ಎದ್ದ ದಿನ ಕಲಕಿ ಮೇಲೆದ್ದು ಫಿಲ್ಟರಿಗೆ ಬರುತ್ತದೆ. ಇಂಜಿನ್ ಎಷ್ಟೇ ಹೊಸದಿರಲಿ, ಎರಡೂ ಒಂದೇ ಹೊತ್ತಿಗೆ ನಿಲ್ಲುತ್ತವೆ. ಅದೂ ಇಂಜಿನ್ ಅತಿ ಹೆಚ್ಚು ಬೇಕಾದ ದಿನವೇ. 'ಇದು ಎರಡು ಇಂಜಿನ್ನಿನ ಬೋಟಲ್ಲ, ಒಂದು ಟ್ಯಾಂಕಿನ ಬೋಟು' ಎಂದೆವು. ಯಜಮಾನರು ಟ್ಯಾಂಕಿನ ಮ್ಯಾನ್‌ಹೋಲ್ ಬಿಚ್ಚಿಸಿ ಟಾರ್ಚು ಹಾಕಿ ತಾವೇ ಒಳಗೆ ನೋಡಿದರು. ಕೈ ಹಾಕಿ ಒಂದು ಹಿಡಿ ಲೋಳೆ ತೆಗೆದರು. ಕೈ ತೊಳೆದುಕೊಂಡು, ನಾಳೆ ಹೇಳುತ್ತೇನೆ ಎಂದು ಹೋದರು.

ಆ ರಾತ್ರಿ ನಮ್ಮೊಳಗೆ ಬೇರೊಂದು ಚರ್ಚೆ. ಅವರು ಒಪ್ಪದಿದ್ದರೆ ಏನು ಮಾಡುವುದು? ಕೆಲಸ ಕೊಡುವವನು ಯಜಮಾನ, ದುಡ್ಡು ಕೊಡುವವನು ಯಜಮಾನ. ಅವನು ಹೇಳಿದಷ್ಟು ಮಾಡಿ ಬಿಲ್ ಕೊಡುವುದು ವ್ಯಾಪಾರದ ಮರ್ಯಾದೆ. ಆದರೆ ಬೋಟಿನಲ್ಲಿ ಹೋಗುವವನು ಯಜಮಾನನಲ್ಲ. ಚಾಲಕ, ಇಂಜಿನ್ ನೋಡಿಕೊಳ್ಳುವವನು, ಇಬ್ಬರು ಖಲಾಸಿಗಳು, ಹಡಗಿನಿಂದ ಇಳಿದು ಬರುವ ಯಾವುದೋ ದೇಶದ ನಾವಿಕರು. ಅವರಾರೂ ನಮ್ಮ ಶೆಡ್ಡಿಗೆ ಬಂದವರಲ್ಲ. ಬಂದರೂ ಫಿಲ್ಟರಿನ ಕಾಗದವನ್ನು ಅವರಿಗೆ ಯಾರೂ ತೋರಿಸುವುದಿಲ್ಲ. ನಂಬಿ ಒಪ್ಪಿಸಿದ ವಸ್ತುವಿಗೆ ನಾವು ಅಮಾನತ್ ಎನ್ನುತ್ತೇವೆ. ಇಲ್ಲಿ ಒಪ್ಪಿಸಿದ್ದು ಇಂಜಿನ್ ಮಾತ್ರವೇ, ಅಥವಾ ಅದರ ಮೇಲೆ ಕೂತು ಹೋಗುವವರ ಜೀವವೂ ಹೌದೇ? 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಕಡಲಿನ ತಳದಲ್ಲಿ ಸಿಕ್ಕಿದ್ದು 2019ರ ಮೇಯಲ್ಲಿ. ಅದರ ಕಾರಣದ ಚರ್ಚೆ ಬೇರೆಯೇ. ಆದರೆ ಆ ನಾಲ್ಕೂವರೆ ತಿಂಗಳು ಏಳು ಮನೆಗಳಲ್ಲಿ ಏನು ನಡೆದಿರಬಹುದು ಎಂಬುದು ಕರಾವಳಿಯ ಯಾವ ಮನೆಗೂ ಗೊತ್ತಿಲ್ಲದ ಸಂಗತಿಯಲ್ಲ.

ನಮ್ಮಲ್ಲಿ ಕಿರಿಯವನ ಮಾತು ಹೀಗಿತ್ತು: ಯಜಮಾನ ಬೇಡವೆಂದರೆ ಬಿಲ್ಲಿನಲ್ಲಿ 'ಎಡ ಇಂಜಿನ್ನಿನ ಬೇರಿಂಗ್ ಸವೆದಿದೆ, ಬಿಚ್ಚಿಲ್ಲ, ತಿಳಿಸಲಾಗಿದೆ' ಎಂದು ಬರೆಯುವುದು, ಅದರ ಒಂದು ಪ್ರತಿಯನ್ನು ಚಾಲಕನ ಕೈಗೂ ಕೊಡುವುದು. ಹಿರಿಯವನಿಗೆ ಅದು ಕಷ್ಟವೆನಿಸಿತು. ಯಜಮಾನನ ತಲೆ ದಾಟಿ ಕೆಲಸದವರಿಗೆ ಹೇಳುವ ರೂಢಿ ದಕ್ಕೆಯಲ್ಲಿಲ್ಲ. ಅದೂ ಆ ವರ್ಷ, ಆ ಗಾಳಿಯಲ್ಲಿ, ಹತ್ತು ಜನರ ಮಾತು ಮೀರಿ ನಮ್ಮಲ್ಲಿಗೆ ಬಂದವರಿಗೆ ಹೀಗೆ ಮಾಡುವುದೇ? ಅವರು ಮುನಿದು ಹೋದರೆ ಉಳಿದವರೂ ಹಿಂದೆಯೇ ಹೋಗಬಹುದು. ಕಿರಿಯವನೆಂದ: ನಂಬಿ ಬಂದಿದ್ದಾರೆ ಎಂಬುದಕ್ಕೇ ಹೇಳಬೇಕು. ಕೊನೆಗೆ, ಪ್ರತಿ ಕೊಡುವುದೇ ಸರಿ, ಆದರೆ ಕೊಡುತ್ತೇವೆ ಎಂಬುದನ್ನು ಮೊದಲು ಯಜಮಾನರಿಗೇ ಹೇಳಬೇಕು ಎಂದು ತೀರ್ಮಾನವಾಯಿತು.

ಮರುದಿನ ಹೇಳಿದೆವು. ಅವರ ಮುಖ ಕೆಂಪಾಯಿತು. 'ನನ್ನ ಬೋಟಿನ ವಿಷಯ ನನ್ನ ಕೆಲಸದವನಿಗೆ ನೀವು ಹೇಳುವುದಾ' ಎಂದರು. ಹೌದು ಎಂದೆವು. ಅದಕ್ಕಿಂತ ಹೆಚ್ಚು ಹೇಳಲು ನಮ್ಮಲ್ಲಿ ಏನೂ ಇರಲಿಲ್ಲ. ಅವರು ಕೀಲಿಕೈ ಎತ್ತಿಕೊಂಡು ಹೊರಗೆ ಹೋದರು. ಮಳೆಯಲ್ಲಿ ಬೋಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು ವಾಪಸ್ಸು ಬಂದು ಕೀಲಿಕೈಯನ್ನು ಮತ್ತೆ ಮೇಜಿನ ಮೇಲಿಟ್ಟರು. 'ಎರಡನ್ನೂ ಮಾಡಿ. ಟ್ಯಾಂಕೂ ಬೇರೆ ಮಾಡಿ. ಆದರೆ ದುಡ್ಡು ಕಂತಿನಲ್ಲಿ' ಎಂದರು. ಸ್ಪೇರ್ ಪಾರ್ಟ್ಸ್ ಅಂಗಡಿಯವನಿಗೆ ನಮ್ಮ ಜಾಮೀನು ಹೇಳಿ ಕೆಲಸ ಸುರು ಮಾಡಿದೆವು.

ಕಹ್ಫ್ ಅಧ್ಯಾಯದಲ್ಲಿ ಬರುವ ಪ್ರಸಂಗ ನಮ್ಮ ಓದುಗರಿಗೆ ತಿಳಿದೇ ಇದೆ. ಪ್ರವಾದಿ ಮೂಸಾರ ಜೊತೆಗಿದ್ದ ಆ ಜ್ಞಾನಿ, ಬಡವರ ದೋಣಿಯನ್ನು ಕೆಡಿಸಿಬಿಡುತ್ತಾರೆ. ಮೂಸಾರಿಗೆ ಅದು ಅನ್ಯಾಯವೆನಿಸುತ್ತದೆ. ಆದರೆ ಒಳ್ಳೆಯ ದೋಣಿಗಳನ್ನೆಲ್ಲ ಬಲವಂತದಿಂದ ಕಿತ್ತುಕೊಳ್ಳುವ ರಾಜನೊಬ್ಬ ಹಿಂದೆ ಇರುತ್ತಾನೆ, ಕೆಡಿಸಿದ್ದರಿಂದಲೇ ಆ ದೋಣಿ ಉಳಿಯುತ್ತದೆ. ನಾವು ಜ್ಞಾನಿಗಳಲ್ಲ. ಆದರೆ ಓಡುತ್ತಿರುವ ಇಂಜಿನ್ನನ್ನು ತುಂಡು ತುಂಡಾಗಿ ಬಿಚ್ಚಿ ಗೋಣಿಯ ಮೇಲೆ ಹರಡಿದಾಗ ಯಜಮಾನರು ನೋಡುವ ನೋಟ ಮೂಸಾರ ಪ್ರಶ್ನೆಯಂತೆಯೇ ಇರುತ್ತದೆ.

ಎರಡು ಇಂಜಿನ್‌ಗಳ ಕೆಲಸಕ್ಕೆ ನಮ್ಮಲ್ಲಿ ಒಂದು ನಿಯಮವಿದೆ. ಎರಡನ್ನೂ ಒಂದೇ ಹೊತ್ತಿಗೆ ಬಿಚ್ಚುವುದಿಲ್ಲ, ಒಂದೇ ಕೈ ಎರಡನ್ನೂ ಕಟ್ಟುವುದಿಲ್ಲ. ಇದಕ್ಕೆ ಕಾರಣ ವಿಮಾನದವರು ಕಲಿತ ಪಾಠ. 1983ರ ಮೇ 5ರಂದು ಅಮೆರಿಕದ ಮಯಾಮಿಯಿಂದ ಬಹಾಮಾಸಿನ ನಸಾವಿಗೆ ಹೊರಟ ಈಸ್ಟರ್ನ್ ಏರ್‌ಲೈನ್ಸಿನ ಮೂರು ಇಂಜಿನ್ನಿನ ವಿಮಾನದಲ್ಲಿ 172 ಮಂದಿ ಇದ್ದರು. ಕಡಲಿನ ಮೇಲೆ ಒಂದೊಂದಾಗಿ ಮೂರೂ ಇಂಜಿನ್‌ಗಳ ಎಣ್ಣೆ ಸೋರಿಹೋಯಿತು. ನೀರಿಗಿಳಿಸುವ ಸಿದ್ಧತೆಯೂ ನಡೆದಿತ್ತು. ಮೊದಲು ನಿಲ್ಲಿಸಿದ್ದ ಇಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಿ ಹೇಗೋ ಮಯಾಮಿಗೆ ಮರಳಿದರು, ಎಲ್ಲರೂ ಉಳಿದರು. ನೋಡಿದರೆ, ಎಣ್ಣೆಯಲ್ಲಿ ಲೋಹದ ಚೂರು ಹಿಡಿಯುವ ಒಂದು ಚಿಕ್ಕ ಬಿಡಿಭಾಗವನ್ನು ಮೂರೂ ಇಂಜಿನ್‌ಗಳಲ್ಲಿ ಬದಲಿಸುವಾಗ ರಬ್ಬರಿನ ಓ-ರಿಂಗ್ ಹಾಕಿರಲಿಲ್ಲ. ಮೂರು ಇಂಜಿನ್‌ಗಳ ಭದ್ರತೆಯನ್ನು ಒಂದೇ ರಾತ್ರಿಯ ಒಂದೇ ಮರೆವು ಅಳಿಸಿಹಾಕಿತ್ತು. ಟ್ಯಾಂಕಿನ ಕಥೆಯೂ ಇದೇ. ಎರಡು ಇದ್ದರೆ ಸಾಲದು, ಎರಡೂ ಒಂದನ್ನೊಂದು ಅವಲಂಬಿಸದೆ ನಿಲ್ಲಬೇಕು.

ಹೀಗಾಗಿ ಬಲದ ಇಂಜಿನ್ ಒಬ್ಬನಿಗೆ, ಎಡದ್ದು ಇನ್ನೊಬ್ಬನಿಗೆ. ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಚೈನ್ ಪುಲ್ಲಿಯಲ್ಲಿ ಇಂಜಿನ್ನನ್ನು ಡೆಕ್ಕಿನ ಬಾಯಿಯಿಂದ ಮೇಲೆತ್ತಿ ಶೆಡ್ಡಿಗೆ ತಂದೆವು. ಹೆಡ್ ತೆಗೆದು ಲೈನರುಗಳನ್ನು ಅಳೆದೆವು. ಪಿಸ್ಟನ್ನಿನ ಮೇಲಿನ ರಿಂಗ್ ತಿರುಗಿ ಕೆಳಗಿಳಿಯುವ ಜಾಗದಲ್ಲೇ ಲೈನರ್ ಹೆಚ್ಚು ಸವೆಯುವುದು. ಅಲ್ಲಿ ಕಾವು ಜಾಸ್ತಿ, ಎಣ್ಣೆ ಕಡಿಮೆ. ಕ್ರಾಂಕ್ ಶಾಫ್ಟಿನ ಪ್ರತಿ ಜರ್ನಲನ್ನೂ ಮೈಕ್ರೋಮೀಟರಿನಲ್ಲಿ ಎರಡು ದಿಕ್ಕಿನಲ್ಲಿ ಅಳೆಯಬೇಕು. ಗುಂಡಗಿರಬೇಕಾದದ್ದು ಮೊಟ್ಟೆಯ ಆಕಾರಕ್ಕೆ ತಿರುಗಿದೆಯೇ ಎಂದು ನೋಡಬೇಕು. ಇಲ್ಲಿನ ಲೆಕ್ಕವೆಲ್ಲ ಮಿಲಿಮೀಟರಿನ ನೂರನೇ ಪಾಲಿನಲ್ಲಿ. ಎಡದ ಇಂಜಿನ್ನಿನ ಬೇರಿಂಗ್ ಚಿಪ್ಪುಗಳನ್ನು ತೆಗೆದಾಗ ಮೇಲಿನ ಬೂದು ಪದರ ಹೋಗಿ ಒಳಗಿನ ತಾಮ್ರ ಕಾಣುತ್ತಿತ್ತು. ಪುಣ್ಯಕ್ಕೆ ಶಾಫ್ಟಿಗೆ ಗೀರು ಬಿದ್ದಿರಲಿಲ್ಲ. ಒಂದು ವರ್ಷ ಬಿಟ್ಟಿದ್ದರೆ ಶಾಫ್ಟೂ ಹೋಗುತ್ತಿತ್ತು, ಯಜಮಾನರ ಖರ್ಚೂ ಹಲವು ಪಟ್ಟಾಗುತ್ತಿತ್ತು.

ತಿರುಗುವುದನ್ನು ಹಿಂದೆ ಮುಂದೆ ಚಲಿಸುವುದಕ್ಕೆ ಬದಲಿಸುವ ಈ ಕ್ರಾಂಕಿನ ಉಪಾಯ ಹಳೆಯದು. ಅಲ್ ಜಝರಿ ಎಂಬ ಯಂತ್ರಶಿಲ್ಪಿ 1206ರಲ್ಲಿ ಮುಗಿಸಿದ ಗ್ರಂಥದಲ್ಲಿ ನೀರೆತ್ತುವ ಒಂದು ಪಂಪಿದೆ. ಅದಕ್ಕೆ ಎದುರುಬದುರಾಗಿ ಎರಡು ಸಿಲಿಂಡರುಗಳು. ಒಂದು ನೀರನ್ನು ಎಳೆದುಕೊಳ್ಳುವಾಗ ಇನ್ನೊಂದು ತಳ್ಳುತ್ತದೆ. ಇದನ್ನು ನಮ್ಮ ಶೆಡ್ಡಿನ ಹುಡುಗರಿಗೆ ಹೇಳಿದಾಗ ಅವರು ನಂಬಲಿಲ್ಲ. ಚಿತ್ರ ತೋರಿಸಿದ ಮೇಲೆ ಕ್ರಾಂಕ್ ಶಾಫ್ಟನ್ನು ಸ್ವಲ್ಪ ಗೌರವದಿಂದ ಒರೆಸತೊಡಗಿದರು.

ಇನ್ನು ಉಪ್ಪುನೀರಿನ ಕಡೆ. ಇಂಜಿನ್ನಿನೊಳಗೆ ತಿರುಗುವುದು ಸಿಹಿನೀರು, ಅದನ್ನು ತಣಿಸುವುದು ಕಡಲಿನ ನೀರು. ಕಡಲಿನ ನೀರನ್ನು ಎಳೆಯುವ ಪಂಪಿನಲ್ಲಿ ರಬ್ಬರಿನ ಇಂಪೆಲ್ಲರ್ ಇರುತ್ತದೆ. ಬಲದ ಪಂಪು ಬಿಚ್ಚಿದಾಗ ಅದರ ಎರಡು ಎಸಳುಗಳಿರಲಿಲ್ಲ. ಹೊಸ ಇಂಪೆಲ್ಲರ್ ಹಾಕಿ ಮುಚ್ಚಿಬಿಡುವವರಿದ್ದಾರೆ. ಆದರೆ ಹೋದ ಎಸಳು ಎಲ್ಲಿಗೆ ಹೋಯಿತು? ಹುಡುಕಿದಾಗ ಎರಡೂ ಹೀಟ್ ಎಕ್ಸ್‌ಚೇಂಜರಿನ ಬಾಯಿಯಲ್ಲಿ ಸಿಕ್ಕಿಕೊಂಡಿದ್ದವು. ಸತುವಿನ ಕಡ್ಡಿಗಳು ಕರಗಿ ಮೊಂಡಾಗಿದ್ದವು. ಉಪ್ಪುನೀರು ಯಾವುದಾದರೊಂದು ಲೋಹವನ್ನು ತಿಂದೇ ತಿನ್ನುತ್ತದೆ. ಬೆಲೆಬಾಳುವ ತಾಮ್ರವನ್ನು ತಿನ್ನುವ ಬದಲು ಅಗ್ಗದ ಸತುವನ್ನು ತಿನ್ನಲಿ ಎಂದು ಅದನ್ನು ಇಟ್ಟಿರುತ್ತಾರೆ.

ಕಟ್ಟುವ ಕೆಲಸಕ್ಕೆ ಅವಸರ ಸಲ್ಲದು. ಲೈನರಿಗೆ ಹೋನಿಂಗ್ ಮಾಡಿ ಎಣ್ಣೆ ನಿಲ್ಲುವಂತೆ ಅಡ್ಡಡ್ಡ ಗೆರೆ ಎಳೆಯಬೇಕು. ಬೇರಿಂಗ್ ಕ್ಯಾಪ್ ಎಲ್ಲಿಂದ ಬಂತೋ ಅಲ್ಲಿಗೇ, ಅದೇ ದಿಕ್ಕಿಗೇ ಹೋಗಬೇಕು. ಕನೆಕ್ಟಿಂಗ್ ರಾಡಿನ ಬೋಲ್ಟುಗಳು ಕಣ್ಣಿಗೆ ಚೆನ್ನಾಗಿ ಕಂಡರೂ ಹೊಸದೇ ಹಾಕಬೇಕು. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಬಲದ ಇಂಜಿನ್ನನ್ನು ಕಟ್ಟಿ ಶೆಡ್ಡಿನಲ್ಲೇ ಓಡಿಸಿ, ಎಣ್ಣೆಯ ಒತ್ತಡ ನೋಡಿದ ಬಳಿಕವೇ ಎಡದ್ದನ್ನು ಬಿಚ್ಚಿದೆವು. ಯಜಮಾನರು ದಿನಾ ಬಂದು ತಾರೀಕು ಎಣಿಸುತ್ತಿದ್ದರು. ಅಷ್ಟರಲ್ಲಿ ಹಳೆ ಟ್ಯಾಂಕಿಗೆ ನಡುವೆ ಗೋಡೆ ಕಟ್ಟುವುದು ಬೇಡ, ಇನ್ನೊಂದು ಬೇರೆಯೇ ಇರಲಿ ಎಂದು ಅವರೇ ಹೇಳಿ ಮಾಡಿಸಿದರು. ಈಗ ಒಂದೊಂದು ಇಂಜಿನ್ನಿಗೂ ಅದರದೇ ಟ್ಯಾಂಕು, ಅದರದೇ ಫಿಲ್ಟರ್, ಅದರದೇ ಬ್ಯಾಟರಿ. ನಡುವೆ ಒಂದು ವಾಲ್ವ್, ಯಾವಾಗಲೂ ಮುಚ್ಚಿರಬೇಕಾದದ್ದು, ತೀರಾ ಅಗತ್ಯ ಬಿದ್ದರೆ ಮಾತ್ರ ತೆರೆಯುವುದಕ್ಕೆ.

ಇಂಜಿನ್‌ಗಳನ್ನು ಬೋಟಿಗಿಳಿಸಿದ ಮೇಲೆ ಗೇರ್‌ಬಾಕ್ಸಿನ ಮತ್ತು ಪಂಕದ ಶಾಫ್ಟಿನ ಕಪ್ಲಿಂಗ್ ಮುಖಗಳನ್ನು ಫೀಲರ್ ಗೇಜಿನಲ್ಲಿ ಹೊಂದಿಸಬೇಕು. ಇದನ್ನು ದಡದಲ್ಲಿ ಎಷ್ಟು ಚೆನ್ನಾಗಿ ಮಾಡಿದರೂ ಕೊನೆಯ ಲೆಕ್ಕ ನೀರಿನಲ್ಲೇ ಆಗಬೇಕು. ಮರದ ಬೋಟು ದಡದಲ್ಲಿರುವಾಗ ಒಂದು ಆಕಾರ, ನೀರಿಗಿಳಿದು ಒಂದೆರಡು ದಿನ ಕಳೆದ ಮೇಲೆ ಇನ್ನೊಂದು ಆಕಾರ. ಅದು ನೀರಿಗೆ ಒಗ್ಗುವವರೆಗೆ ಕಾಯಬೇಕು.

ಟ್ರಯಲಿಗೆ ಹೋಗುವಾಗ ಬೋಲ್ಟ್ ಬಿಗಿದವರೇ ಬೋಟಿನಲ್ಲಿರಬೇಕು ಎಂಬುದು ಬಾಪ ಹಾಕಿಕೊಟ್ಟ ಕ್ರಮ. ಬಿಸ್ಮಿಲ್ಲಾ ಎಂದು ಕೀಲಿ ತಿರುಗಿಸಿದೆವು. ಚಾಲಕ ತನ್ನ ದೈವಕ್ಕೆ ಕೈ ಮುಗಿದ. ಸುಲ್ತಾನ್ ಬತ್ತೇರಿಯ ಕಡೆಗೆ ನದಿಯಲ್ಲೇ ಎರಡು ಸುತ್ತು ಹೋಗಿ ಬಂದೆವು. ಎರಡು ಇಂಜಿನ್‌ಗಳ ಓಟ ಸ್ವಲ್ಪ ಹೆಚ್ಚು ಕಡಿಮೆಯಾದರೆ ಸದ್ದು ಏರಿಳಿಯುತ್ತದೆ. ಆರು ಸಿಲಿಂಡರಿನ ಇಂಜಿನ್‌ಗಳಲ್ಲಿ ನಿಮಿಷಕ್ಕೆ ಹತ್ತು ಸುತ್ತಿನ ವ್ಯತ್ಯಾಸವಿದ್ದರೆ ಎರಡು ಸೆಕೆಂಡಿಗೊಮ್ಮೆ ಗುಂಯ್ ಎನ್ನುವ ಅಲೆಯೊಂದು ಕಿವಿಗೆ ಬರುತ್ತದೆ. ಚಾಲಕ ಮೀಟರು ನೋಡದೆ ಕಿವಿಯಿಂದಲೇ ಎರಡು ಲಿವರುಗಳನ್ನು ಹೊಂದಿಸಿದ. ಅಲೆ ನಿಧಾನವಾಗುತ್ತಾ ಬಂದು ನಿಂತುಹೋಯಿತು. ಹೊಸ ರಿಂಗುಗಳು ಲೈನರಿಗೆ ಕೂರಬೇಕಾದರೆ ಇಂಜಿನ್ನನ್ನು ತೀರಾ ನಿಧಾನ ಓಡಿಸುತ್ತಾ ಮುದ್ದು ಮಾಡಬಾರದು, ಹದವಾದ ಭಾರ ಕೊಡಬೇಕು, ಮೊದಲ 50 ಗಂಟೆಗೆ ಎಣ್ಣೆ ಬದಲಿಸಬೇಕು ಎಂದೆಲ್ಲ ಅವನಿಗೆ ಹೇಳಿದೆವು. ಅವನು ಕೇಳಿದ್ದು ಒಂದೇ ಪ್ರಶ್ನೆ: 'ಎಡದ್ದಕ್ಕೆ ನಿಜವಾಗಿ ಏನಾಗಿತ್ತು?' ಯಜಮಾನರು ಪಕ್ಕದಲ್ಲೇ ಇದ್ದರು. ನಾವು ಬಾಯಿ ತೆರೆಯುವ ಮೊದಲು ಅವರೇ ಹೇಳಿದರು.

ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕು ಎಂಬರ್ಥದ ಪ್ರವಾದಿವರ್ಯರ ಮಾತನ್ನು ನಮ್ಮಲ್ಲಿ ಮಸೀದಿಯಲ್ಲೂ ಮನೆಯಲ್ಲೂ ಕೇಳುತ್ತೇವೆ. ತವಕ್ಕುಲ್ ಎಂದರೆ ಹಗ್ಗ ಕೈಯಲ್ಲಿರುವಾಗ ಸುಮ್ಮನೆ ಕೂರುವುದಲ್ಲ. ಹಗ್ಗ ಗಟ್ಟಿಯಿದೆಯೇ ಎಂದು ನೋಡುವುದೂ, ಒಂದೇ ಗೂಟಕ್ಕೆ ಎರಡು ಹಗ್ಗ ಕಟ್ಟಿ ನೆಮ್ಮದಿಯಿಂದಿರದೆ ಇರುವುದೂ ಅದರಲ್ಲಿ ಸೇರುತ್ತದೆ.

ಯಜಮಾನರು ಕಂತುಗಳನ್ನು ಮುಗಿಸಲು ಮುಂದಿನ ಮಳೆಗಾಲದವರೆಗೆ ಹಿಡಿಯಿತು. ಬೋಟು ಈಗಲೂ ನಮ್ಮಲ್ಲಿಗೇ ಬರುತ್ತದೆ. ಎಡದ ಇಂಜಿನ್ನಿನಿಂದ ತೆಗೆದ ಬೇರಿಂಗ್ ಚಿಪ್ಪುಗಳಲ್ಲೊಂದನ್ನು ಚಾಲಕ ಕೇಳಿ ಪಡೆದು ವೀಲ್‌ಹೌಸಿನಲ್ಲಿ ದಾರ ಕಟ್ಟಿ ನೇತುಹಾಕಿದ್ದಾನೆ. ಹೊಸ ಖಲಾಸಿ ಯಾರಾದರೂ ಬಂದರೆ ಅದರ ತಾಮ್ರ ತೋರಿಸಿ, ಎಣ್ಣೆಯ ಮೀಟರನ್ನು ಯಾವಾಗ ನೋಡಬೇಕು, ವಾರಕ್ಕೊಮ್ಮೆ ಎರಡೂ ಫಿಲ್ಟರುಗಳ ತಳದ ನೀರನ್ನು ಹೇಗೆ ತೆಗೆಯಬೇಕು ಎಂದು ಹೇಳಿಕೊಡುತ್ತಾನೆ. ನಮ್ಮ ಶೆಡ್ಡಿನ ಬಿಲ್ಲುಗಳಿಗೆ ಆ ವರ್ಷದಿಂದ ಮೂರು ಪ್ರತಿ. ಒಂದು ಯಜಮಾನರಿಗೆ, ಒಂದು ನಮಗೆ, ಒಂದು ಬೋಟಿನಲ್ಲಿ ಹೋಗುವವರಿಗೆ.